ಹಿತ್ತಿಲಿಗೆ ಹೋದ ಇನ್ಸುಲಿನ್

ಮಕ್ಕಳೇ, ಒಮ್ಮೆ ನಾನು ನಿಮ್ಮ ಮುತ್ತಜ್ಜಿಯನ್ನು ಕೊಂದೇಬಿಡುತ್ತಿದ್ದೆ. ಅದೂ ಮಡಿಯ ಹೆಸರಿನಲ್ಲಿ!

ಎಪ್ಪತ್ತರ ದಶಕದ ಕೊನೆ. ಆಗ ನಾವು ಮುಳಬಾಗಿಲಿನಲ್ಲಿದ್ದೆವು. ನಿಮ್ಮ ತಾತ ಹೋಗಿ ಎರಡು ವರ್ಷ. ನಮ್ಮ ಅತ್ತೆಗೆ, ಅಂದರೆ ನಿಮ್ಮ ಮುತ್ತಜ್ಜಿಗೆ, ಸಕ್ಕರೆ ಕಾಯಿಲೆ. ದಿನಾ ಗಾಜಿನ ಸಿರಿಂಜು ಕುದಿಸಿ ಇನ್ಸುಲಿನ್ ಚುಚ್ಚುತ್ತಿದ್ದವಳು ನಾನೇ. ಫ್ರಿಜ್ ಎಲ್ಲಿತ್ತು? ಅಡುಗೆಮನೆಯ ಮೂಲೆಯಲ್ಲಿ ಒದ್ದೆ ಮರಳು ತುಂಬಿದ ಮಡಕೆ. ಅದರೊಳಗೆ ಬಾಟಲಿ ತಣ್ಣಗಿರುತ್ತಿತ್ತು.

ತಾತನ ತಿಥಿಗೆ ನಾಲ್ಕು ದಿನ ಇರುವಾಗ ಔಷಧಿ ಅಂಗಡಿಯವರು ಮಾತಿಗೆ ಮಾತು ಬಂದು ಅಂದರು: "ಇದನ್ನ ಯಾತರಿಂದ ಮಾಡ್ತಾರೆ ಗೊತ್ತೇನಮ್ಮಾ? ಹಂದಿ ಹೊಟ್ಟೇಲಿರೋ ಗ್ರಂಥಿಯಿಂದ!"

ಯಾಕಾದರೂ ಕೇಳಿಸಿಕೊಂಡೆನೋ! ಅತ್ತೆಗೆ ಹೇಳಲು ಸಂಕೋಚ. ಪುರೋಹಿತರನ್ನು ಕೇಳಲು ಇನ್ನೂ ಸಂಕೋಚ. (ನನಗೆ ಬಾಯಿ ಕಡಿಮೆ, ನಿಮಗೇ ಗೊತ್ತಲ್ಲ.) ತಿಥಿಯ ಬೆಳಿಗ್ಗೆ ಅತ್ತೆಗೆ ಚುಚ್ಚಿದವಳೇ ಬಾಟಲಿಯನ್ನು ಹಿತ್ತಿಲ ಗೋಡೆಯ ಮೇಲಿಟ್ಟೆ. ತಲೆಗೆ ನೀರು ಹಾಕಿಕೊಂಡು ಅಡುಗೆಗೆ ನಿಂತೆ.

ತಿಥಿ ಮುಗಿಯಿತು. ಬಾಟಲಿಯನ್ನು ಒಳಗೆ ತರಲು ಮನಸ್ಸು ಬರಲಿಲ್ಲ. ಗೋಡೆ ಸುಡುವ ಬಿಸಿಲು. ದಿನಾ ಅಲ್ಲಿಗೇ ಹೋಗಿ ಸಿರಿಂಜಿಗೆ ಎಳೆದುಕೊಂಡು ಬರುತ್ತಿದ್ದೆ. ಕೆಟ್ಟ ಔಷಧಿ ಏನು ಕೆಲಸ ಮಾಡೀತು? ಐದನೆಯ ದಿನ ಅತ್ತೆಗೆ ಎಚ್ಚರ ತಪ್ಪಿತು.

ಕೋಲಾರದ ಆಸ್ಪತ್ರೆ. "ಬಾಟ್ಲಿ ಎಲ್ಲಿಟ್ಟಿದ್ರಮ್ಮಾ?" ಅಂದರು ಡಾಕ್ಟರು.

"ಮಡಕೇಲಿ" ಅಂದೆ. ಎಷ್ಟು ಸಲೀಸಾಗಿ ಬಂತು ಸುಳ್ಳು!

ಅತ್ತೆ ಕಣ್ಣು ಬಿಟ್ಟದ್ದು ಮೂರನೆಯ ದಿನ. ಅತ್ತುಕೊಂಡು ಎಲ್ಲ ಹೇಳಿದೆ.

"ಪಿಚ್ಚಿದಾನಾ!" ಅಂದರು. (ಅವರಿಗೆ ಸಿಟ್ಟು, ಅಕ್ಕರೆ ಎರಡೂ ತೆಲುಗಿನಲ್ಲೇ ಬರುತ್ತಿದ್ದವು. ಹುಚ್ಚಿ ಅಂತ ಅರ್ಥ.) "ನಾನೂ ಹೋಗಿದ್ರೆ ವರ್ಷಕ್ಕೆ ಎರಡು ತಿಥಿ ಕಣೇ. ಎರಡಕ್ಕೂ ವಡೆ ಕರಿಯೋಳು ನೀನೇ!"

ಇಷ್ಟಾದ ಮೇಲೆ ಬುದ್ಧಿ ಬಂತು ಅಂದುಕೊಂಡಿರಾ?

ಕೆಲವು ವರ್ಷ ಕಳೆದು ಪೇಪರಿನಲ್ಲಿ ಹೊಸ ಸುದ್ದಿ ಬಂತು. ಇನ್ಸುಲಿನ್ ಮಾಡಲು ಮನುಷ್ಯನ ಜೀವಕೋಶದಲ್ಲಿರುವ ಜೀನನ್ನು ಬ್ಯಾಕ್ಟೀರಿಯಾದೊಳಗೆ ಸೇರಿಸುತ್ತಾರಂತೆ. ದೊಡ್ಡ ಟ್ಯಾಂಕಿನಲ್ಲಿ ಆಹಾರ ಹಾಕಿ ಬೆಳೆಸುತ್ತಾರಂತೆ. ಒಂದು ಚಮಚ ಹೆಪ್ಪು ಪಾತ್ರೆ ಹಾಲಿಗೆಲ್ಲ ಹರಡುವ ಹಾಗೆ ಒಂದು ಬ್ಯಾಕ್ಟೀರಿಯಾ ಕೋಟಿಯಾಗಿ, ಒಂದೊಂದೂ ಮನುಷ್ಯರ ಇನ್ಸುಲಿನ್ನನ್ನೇ ತಯಾರಿಸುತ್ತದಂತೆ. ಅದನ್ನು ಶೋಧಿಸಿ ಬಾಟಲಿಗೆ ತುಂಬುವುದು.

ಓಡಿಹೋಗಿ ಅತ್ತೆಗೆ ಓದಿ ಹೇಳಿದೆ. "ಇನ್ನು ಹಂದೀದು ಬೇಡ ಅತ್ತೇ, ಮನುಷ್ಯರದೇ ಬರುತ್ತಂತೆ!"

ಅತ್ತೆ ಹೂಬತ್ತಿ ಹೊಸೆಯುತ್ತಿದ್ದರು. ತಲೆ ಎತ್ತಲಿಲ್ಲ. "ಯಾವ ಜಾತಿ ಮನುಷ್ಯರದಂತೆ? ಬರ್ದಿದಾರಾ ನೋಡೇ."

ನಿಜ ಹೇಳಲೇ ಮಕ್ಕಳೇ? ಅದನ್ನು ನಾನು ಆಗಲೇ ಹುಡುಕಿಯಾಗಿತ್ತು.