ಮುನಿವೆಂಕಟಪ್ಪನವರ ವಿಡಿಯೋ ಗೇಮ್

ಎರಡು ವರ್ಷದ ಹಿಂದಿನ ಮಳೆಗಾಲ. ಆಗ ನಾನು ಶಿವಾಜಿನಗರದ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ಚಿಪ್ ಲೆವೆಲ್ ರಿಪೇರಿಯ ಅಂಗಡಿ ನಡೆಸುತ್ತಿದ್ದೆ. ಈಗಲೂ ಅಲ್ಲೇ ಇದ್ದೇನೆ. ಚಿಪ್ ಲೆವೆಲ್ ಎಂದರೆ ಕೆಟ್ಟ ಬೋರ್ಡನ್ನು ಎಸೆದು ಹೊಸದು ಕೂರಿಸುವ ಕೆಲಸವಲ್ಲ. ಬೋರ್ಡಿನ ಮೇಲೆ ಎಳ್ಳಿನಷ್ಟು ಸಣ್ಣದಾಗಿರುವ ಬಿಡಿಭಾಗಗಳಲ್ಲಿ ಯಾವುದು ಕೆಟ್ಟಿದೆ ಎಂದು ಮೈಕ್ರೋಸ್ಕೋಪಿನಡಿ ಹುಡುಕಿ ಅದೊಂದನ್ನೇ ಬದಲಿಸುವುದು. ಹಲಸೂರಿನಲ್ಲಿ ಹುಟ್ಟಿ ಬೆಳೆದವಳು ನಾನು. ಐಟಿಐ ಮುಗಿಸಿ, ಕೆ.ಆರ್. ಪುರದ ಕಡೆ ಒಂದು ಸಣ್ಣ ಕಾರ್ಖಾನೆಯಲ್ಲಿ ಬೋರ್ಡುಗಳಿಗೆ ಬೆಸುಗೆ ಹಾಕುತ್ತಿದ್ದೆ. ಅದು ಮುಚ್ಚಿದ ಮೇಲೆ ಈ ಓಣಿಗೆ ಬಂದೆ. ಇಲ್ಲಿ ಎಲ್ಲರಿಗೂ ನಾನು ಸೆಲ್ವಿಯಕ್ಕ. ಬರುವುದೆಲ್ಲ ಹೆಚ್ಚಾಗಿ ಫೋನು, ಲ್ಯಾಪ್‌ಟಾಪು. ಕೈಯಲ್ಲಿ ಹಿಡಿದು ಆಡುವ ಗೇಮ್ ಕನ್ಸೋಲ್‌ಗಳು ಆಗೊಂದು ಈಗೊಂದು ಬರುತ್ತವೆ; ತರುವವರು ಸಾಮಾನ್ಯವಾಗಿ ಕಾಲೇಜು ಹುಡುಗರು.

ಈ ಕನ್ಸೋಲನ್ನು ತಂದವರು ಅರವತ್ತು ದಾಟಿದ ಹೆಂಗಸು. ಹೆಸರು ರಾಜಮ್ಮ, ಮಹದೇವಪುರದವರು. ಟವೆಲಿನಲ್ಲಿ ಸುತ್ತಿ ತಂದಿದ್ದನ್ನು ಟೇಬಲ್ಲಿನ ಮೇಲೆ ಇಟ್ಟು, ಕುರ್ಚಿ ತೋರಿಸಿದರೂ ಕೂರದೆ ನಿಂತೇ ಹೇಳಿದರು.

“ಇದು ಆನ್ ಆಗ್ತಿಲ್ಲ ಕಣಮ್ಮ. ಇಂದಿರಾನಗರದಲ್ಲೂ ತೋರಿಸ್ದೆ. ಇದಕ್ಕೆ ಏನೋ ಮಾಡ್ಸಿದ್ದೀರ, ನಾವು ಮುಟ್ಟಲ್ಲ ಅಂದ್ಬಿಟ್ರು.”

“ಯಾರಮ್ಮ ಆಡೋದು? ಮೊಮ್ಮಗನಾ?”

“ನಮ್ಮೆಜಮಾನ್ರು.”

‘ಏನೋ ಮಾಡಿಸಿದ್ದೀರ’ ಎಂದು ಬೇರೆ ಅಂಗಡಿಯವರು ಹೇಳಿದ್ದು ಸುಳ್ಳಲ್ಲ. ಹಿಂಬದಿಯ ಮುಚ್ಚಳ ತೆಗೆದಾಗ ಪ್ರೊಸೆಸರಿನ ಪಕ್ಕದಲ್ಲಿ ಉಗುರಿನಷ್ಟು ಚಿಕ್ಕದಾದ ಇನ್ನೊಂದು ಚಿಪ್ ಕಂಡಿತು. ಇದನ್ನು ಮಾಡ್ ಚಿಪ್ ಎನ್ನುತ್ತಾರೆ. ತಯಾರಿಸಿದ ಕಂಪನಿ ತಾನು ಒಪ್ಪಿದ ಸಾಫ್ಟ್‌ವೇರ್ ಮಾತ್ರ ನಡೆಯಲಿ ಎಂದು ಯಂತ್ರಕ್ಕೆ ಬೀಗ ಹಾಕಿರುತ್ತದೆ. ಈ ಚಿಪ್ ಆ ಬೀಗವನ್ನು ದಾಟಿ, ನಮಗೆ ಬೇಕಾದ ಸಾಫ್ಟ್‌ವೇರನ್ನು ಓಡಿಸುತ್ತದೆ. ಬಹಳ ಜನ ಇದನ್ನು ಪುಕ್ಕಟೆ ಆಟಗಳಿಗಾಗಿ ಹಾಕಿಸುತ್ತಾರೆ. ಆದರೆ ಇಲ್ಲಿ ಯಾಕೆ ಹಾಕಿದ್ದು ಎಂದು ರಾಜಮ್ಮ ಹೇಳಿದಾಗ ನಾನು ಸ್ಕ್ರೂಡ್ರೈವರ್ ಕೆಳಗಿಟ್ಟು ಕೇಳಿಸಿಕೊಂಡೆ.

ಅವರ ಯಜಮಾನರು ಮುನಿವೆಂಕಟಪ್ಪ. ಮಹದೇವಪುರ ಹಳ್ಳಿಯಾಗಿದ್ದ ಕಾಲದ ಮನೆತನ. ಈಗ ಅವರದು ಮೂರು ಮಹಡಿಯ ಕಟ್ಟಡ. ಕೆಳಗಿನ ಮನೆಯಲ್ಲಿ ತಾವಿದ್ದು ಮೇಲಿನವನ್ನೆಲ್ಲ ಬಾಡಿಗೆಗೆ ಕೊಟ್ಟಿದ್ದರು. ಪಾರ್ಶ್ವವಾಯು ಹೊಡೆದು ಅವರ ಬಲಗೈ ಬಿದ್ದುಹೋಗಿತ್ತು, ಮಾತು ನಿಂತುಹೋಗಿತ್ತು. ಬೇರೆಯವರು ಹೇಳಿದ್ದೆಲ್ಲ ಅರ್ಥವಾಗುತ್ತಿತ್ತು. ಹೇಳಬೇಕೆಂದ ಪದ ಮಾತ್ರ ಬಾಯಿಗೆ ಬರುತ್ತಿರಲಿಲ್ಲ. ಮೊದಲ ಮಹಡಿಯಲ್ಲಿ ಬಾಡಿಗೆಗಿದ್ದ ಚೇತನ್ ಎಂಬ ಬಳ್ಳಾರಿಯ ಹುಡುಗ ಸಂಜೆ ಹೊತ್ತು ಬಂದು ಅವರ ಜೊತೆ ಕೂರುತ್ತಿದ್ದ. ಒಂದು ದಿನ ತನ್ನ ಗೇಮ್ ತಂದು ತೋರಿಸಿದ. ತೋಟ ಮಾಡಿ ಹಸು ಸಾಕುವ ಆಟ. ಇವರ ಕಣ್ಣು ಅದನ್ನು ಬಿಡಲಿಲ್ಲ. ಆಗ ಚೇತನ್ ಯಂತ್ರಕ್ಕೆ ಮಾಡ್ ಚಿಪ್ ಹಾಕಿಸಿ, ಎಲ್ಲ ಗುಂಡಿಗಳೂ ಎಡಗೈಗೇ ಸಿಗುವ ಹಾಗೆ ಬದಲಿಸಿದ. ಆಟದೊಳಗಿನ ಅಕ್ಷರಗಳನ್ನು ತಾನೇ ಕೂತು ಕನ್ನಡಕ್ಕೆ ತಂದ. ಕೆಲಸ ಬದಲಾಗಿ ಪುಣೆಗೆ ಹೋಗುವಾಗ ಯಂತ್ರವನ್ನು ಓನರ್ ಅಂಕಲ್‌ಗೇ ಬಿಟ್ಟುಹೋದ.

ಆ ಆಟದಲ್ಲಿ ಹಸು ತಂದರೆ ಅದಕ್ಕೆ ಹೆಸರಿಡಬೇಕು. ಒಂದೊಂದೇ ಅಕ್ಷರ ಆರಿಸಿ ಹೆಸರು ಜೋಡಿಸಬೇಕು. ಪೆನ್ನು ಹಿಡಿಸಿದರೆ ಬಿಸಾಡುತ್ತಿದ್ದ ಮನುಷ್ಯ ಮಧ್ಯಾಹ್ನವೆಲ್ಲ ಕೂತು ಒಂದು ಹೆಸರು ಬರೆದರು. ಮನೆಗೆ ಬರುತ್ತಿದ್ದ ಸ್ಪೀಚ್ ಥೆರಪಿಸ್ಟ್ ಅದನ್ನು ಕಂಡು, ಹಸುವನ್ನು ತೋರಿಸಿ ಹೆಸರು ಹೇಳಿಸುವ ಅಭ್ಯಾಸ ಶುರು ಮಾಡಿದರು. ತುಟಿ ಮೊದಲ ಅಕ್ಷರಕ್ಕೆ ತಿರುಗತೊಡಗಿತ್ತು. ಅಷ್ಟರಲ್ಲಿ ಆ ಮಳೆ ಬಂತು. ಕೆಳಗಿನ ಮನೆಗೆ ನೀರು ನುಗ್ಗಿತು, ಕರೆಂಟು ಹೋಯಿತು. ಕರೆಂಟು ವಾಪಸ್ ಬಂದಾಗ ವೋಲ್ಟೇಜ್ ಜಿಗಿದು ಟೀವಿ, ಫ್ರಿಜ್ಜು, ಚಾರ್ಜಿಗೆ ಹಾಕಿದ್ದ ಈ ಗೇಮು, ಮೂರೂ ಸತ್ತವು.

“ಟೀವಿ ಹೋಗ್ಲಿ ಬಿಡು, ಇದೊಂದು ಮಾಡ್ಕೊಡಮ್ಮ. ಅವ್ರು ಎಡಗೈ ಚಾಚಿ ಚಾಚಿ ಕೇಳ್ತಾರೆ,” ಎಂದರು ರಾಜಮ್ಮ.

ಮೊದಲ ದಿನ ನನಗೆ ಧೈರ್ಯವಿತ್ತು. ವೋಲ್ಟೇಜ್ ಏರಿದಾಗ ಮೊದಲು ಸುಡುವುದು ಚಾರ್ಜಿಂಗ್ ಐಸಿ, ಅಂದರೆ ಒಳಬರುವ ಕರೆಂಟನ್ನು ಹಂಚಿಕೊಡುವ ಚಿಪ್. ಅದು ಸುಟ್ಟೇ ಇತ್ತು. ಬದಲಿಸಿದೆ. ಪವರ್ ಗುಂಡಿ ಒತ್ತಿದರೆ ಪರದೆ ಕಪ್ಪು. ಮಾಡ್ ಚಿಪ್ಪಿನ ತಂತಿಗಳಲ್ಲಿ ದೋಷವಿರಬಹುದೆಂದು ಅದನ್ನು ಬಿಡಿಸಿ ನೋಡಿದೆ. ಕಪ್ಪೇ. ಕೊನೆಗೆ ಅದೇ ಮಾದರಿಯ ಒಂದು ಒಳ್ಳೆಯ ಬೋರ್ಡನ್ನು ಪಕ್ಕದಲ್ಲಿಟ್ಟುಕೊಂಡು ಎರಡನ್ನೂ ಅಳೆಯುತ್ತ ಬಂದೆ. ಪ್ರೊಸೆಸರಿಗೆ ಹೋಗುವ ಲೈನಿಗೆ ತೀರ ಸಣ್ಣ ವೋಲ್ಟೇಜ್ ಕೊಟ್ಟು ಥರ್ಮಲ್ ಕ್ಯಾಮೆರಾದಲ್ಲಿ ನೋಡಿದರೆ, ಇಡೀ ಬೋರ್ಡಿನಲ್ಲಿ ಪ್ರೊಸೆಸರ್ ಒಂದೇ ಕೆಂಪಗೆ ಬಿಸಿಯಾಗುತ್ತಿತ್ತು. ಅದರೊಳಗೇ ಶಾರ್ಟ್ ಸರ್ಕ್ಯೂಟ್. ಪ್ರೊಸೆಸರಿನ ಒಳಗೆ ಹೋಗಿ ರಿಪೇರಿ ಮಾಡುವ ಕೈ ಯಾರಿಗೂ ಇಲ್ಲ.

ಹಾಗಾದರೆ ಇನ್ನೊಂದು ಯಂತ್ರ ತಂದು ಇದರ ಮೆಮೊರಿ ಕಾರ್ಡ್ ಹಾಕಿದರಾಯಿತಲ್ಲ ಎಂದು ಯಾರಿಗಾದರೂ ಅನಿಸುತ್ತದೆ. ಕಾರ್ಡ್ ಚೆನ್ನಾಗಿಯೇ ಇತ್ತು. ತೋಟ, ಹಸು, ಹೆಸರುಗಳೆಲ್ಲ ಅದರಲ್ಲೇ ಇದ್ದವು. ಆದರೆ ಇಂಥ ಯಂತ್ರಗಳು ಆಟದ ದಾಖಲೆಯನ್ನೆಲ್ಲ ಗುಪ್ತ ಲಿಪಿಗೆ ತಿರುಗಿಸಿಯೇ ಇಡುತ್ತವೆ. ಅದನ್ನು ಬಿಡಿಸುವ ಕೀ ಒಂದೊಂದು ಯಂತ್ರಕ್ಕೆ ಒಂದೊಂದು, ಮತ್ತು ಅದು ಇರುವುದು ಪ್ರೊಸೆಸರಿನ ಒಳಗೆ. ಮಾಡ್ ಮಾಡುವ ಹುಡುಗರು ಈ ಕೀಯನ್ನು ಒಂದು ಫೈಲಾಗಿ ತೆಗೆದು ಇನ್ನೆಲ್ಲಾದರೂ ಕಾಪಿ ಮಾಡಿಟ್ಟುಕೊಳ್ಳುತ್ತಾರೆ. ಉಳಿದಿದ್ದ ದಾರಿ ಅದೊಂದೇ. ರಾಜಮ್ಮನವರಿಂದ ನಂಬರ್ ಪಡೆದು ಚೇತನ್‌ಗೆ ಫೋನ್ ಮಾಡಿದೆ.

“ಕೀ ಫೈಲ್ ತೆಗ್ದಿದ್ದೆ ಮೇಡಂ, ಪಕ್ಕಾ ತೆಗ್ದಿದ್ದೆ,” ಎಂದ. ನನಗೆ ಉಸಿರು ಬಂತು. “ಆದ್ರೆ ಅದು ಹಳೇ ಆಫೀಸ್ ಲ್ಯಾಪ್‌ಟಾಪಲ್ಲಿತ್ತು. ಕೆಲಸ ಬಿಡೋವಾಗ ವಾಪಸ್ ಕೊಟ್ಬಿಟ್ಟೆ. ಅವ್ರು ಎಲ್ಲಾ ಅಳಿಸಿ ಬೇರೆಯವ್ರಿಗೆ ಕೊಟ್ಟಿರ್ತಾರೆ.”

“ಇನ್ನೆಲ್ಲೂ ಇಲ್ವೇನಪ್ಪ?”

“ಆ ಕಾರ್ಡಲ್ಲೇ ಒಂದು ಕಾಪಿ ಇತ್ತು ಮೇಡಂ. ಅಂಕಲ್ ಏನಾದ್ರೂ ತಪ್ಪಾಗಿ ಒತ್ತಿಬಿಟ್ರೆ ಅಂತ, ಹೋಗೋ ಮುಂಚೆ ಡಿಲೀಟ್ ಮಾಡ್ದೆ.”

ಡಿಲೀಟ್ ಮಾಡಿದ ಫೈಲ್ ತಕ್ಷಣ ನಾಶವಾಗುವುದಿಲ್ಲ. ‘ಈ ಜಾಗ ಖಾಲಿ’ ಎಂದು ಕಾರ್ಡ್ ಗುರುತು ಹಾಕಿಕೊಳ್ಳುತ್ತದೆ, ಅಷ್ಟೆ. ಆ ಜಾಗದ ಮೇಲೆ ಬೇರೇನಾದರೂ ಬರೆಯುವವರೆಗೆ ಹಳೆಯದನ್ನು ಎತ್ತಲು ಬರುತ್ತದೆ. ಕಾರ್ಡಿನ ಪೂರ್ತಿ ನಕಲು ತೆಗೆದು ರಿಕವರಿ ಸಾಫ್ಟ್‌ವೇರ್ ಓಡಿಸಿದೆ. ಆ ದಿನಗಳಲ್ಲಿ ರಾಜಮ್ಮ ದಿನವೂ ಫೋನ್ ಮಾಡುತ್ತಿದ್ದರು. ಒಮ್ಮೆ ಅವರ ಬದಲು ಬರೀ ಉಸಿರು ಕೇಳಿಸಿತು. ಆಮೇಲೆ ರಾಜಮ್ಮನ ದನಿ: “ಅವ್ರೇ ಫೋನ್ ಕಿತ್ಕೊಂಡ್ರು. ಏನಾಯ್ತು ಅಂತ ಕೇಳ್ತಿದ್ದಾರೆ.” ಹುಡುಕ್ತಾ ಇದ್ದೀನಿ ಎಂದೆ.

ಫೈಲಿನ ಹೆಸರು ಸಿಕ್ಕಿತು. ತೆರೆದರೆ ಒಳಗೆ ಕೀ ಇಲ್ಲ. ಇದ್ದದ್ದು ಒಂದು ಚಿತ್ರದ ತುಂಡು. ಆ ಯಂತ್ರದ ಎಡಬದಿಯಲ್ಲಿ ಒಂದು ಗುಂಡಿ ಇದೆ, ಒತ್ತಿದರೆ ಪರದೆಯಲ್ಲಿ ಕಾಣುವುದು ಫೋಟೋ ಆಗಿ ಉಳಿಯುತ್ತದೆ. ಎಡಗೈ ಒಂದರಲ್ಲೇ ಎಲ್ಲ ಮಾಡುವ ಮುನಿವೆಂಕಟಪ್ಪನವರ ಹೆಬ್ಬೆರಳು ಗೊತ್ತಿಲ್ಲದೆ ಅದಕ್ಕೆ ತಗುಲುತ್ತಲೇ ಇತ್ತು. ಹೀಗೆ ಬಿದ್ದ ನೂರಾರು ಫೋಟೋಗಳು ಖಾಲಿ ಜಾಗವನ್ನೆಲ್ಲ ತುಂಬಿಬಿಟ್ಟಿದ್ದವು. ಕೀ ಇದ್ದ ಜಾಗವನ್ನೂ. ಫೋಟೋಗಳಿಗೆ ಗುಪ್ತ ಲಿಪಿ ಇರುವುದಿಲ್ಲ, ಹಾಗಾಗಿ ಅವೆಲ್ಲ ಸಲೀಸಾಗಿ ತೆರೆದುಕೊಂಡವು. ತೋಟ, ಕೊಳ, ಕೊಟ್ಟಿಗೆ. ಕೊಟ್ಟಿಗೆಯ ತುಂಬ ಹಸುಗಳು, ಒಂದೊಂದರ ತಲೆಯ ಮೇಲೂ ಕನ್ನಡದಲ್ಲಿ ಹೆಸರು: ಚೇತನ್, ಮೇರಿ ಟೀಚರ್, ಶಾಂತಿ, ಬಹಾದೂರ್, ರಫೀಕ್.

ರಾಜಮ್ಮ ಅಂಗಡಿಗೆ ಬಂದಾಗ ಪರದೆಯ ಮೇಲೆ ಅವನ್ನು ತೋರಿಸಿದೆ. ಕಟ್ಟಡಗಳ ಕೆಳಗೆ ಹೋದ ಹೊಲವನ್ನೇ ಇವರು ಆಟದಲ್ಲಿ ಮತ್ತೆ ಮಾಡಿಕೊಂಡಿದ್ದಾರೆ ಎಂದು ನಾನು ತಿಳಿದಿದ್ದೆ. “ನಿಮ್ಮ ಹಳೇ ಹೊಲ ಹಿಂಗೇ ಇತ್ತಾ ಅಮ್ಮ?” ಎಂದೆ.

ರಾಜಮ್ಮ ನಕ್ಕೇಬಿಟ್ಟರು. “ಹೊಲನಾ? ಅವ್ರು ಗುದ್ದಲಿ ಮುಟ್ಟಿದೋರೇ ಅಲ್ಲ. ಹೊಲ ಮಾರಿ ಬಿಲ್ಡಿಂಗ್ ಕಟ್ಟಿದಾಗ ಬೀದಿಗೆಲ್ಲಾ ಸ್ವೀಟ್ ಹಂಚಿದ್ರು. ಅವ್ರಿಗೆ ಬೇಕಾಗಿದ್ದು ಜನ ಕಣಮ್ಮ. ಬಾಗ್ಲಲ್ಲಿ ಕೂತ್ಕೊಂಡು, ಹೋಗೋರು ಬರೋರನ್ನೆಲ್ಲಾ ಹೆಸರು ಹಿಡಿದು ಕೂಗಿ ಮಾತಾಡಿಸ್ಬೇಕು. ಇವೆಲ್ಲಾ ನಮ್ಮ ಬಾಡಿಗೆಯೋರ ಹೆಸರು.” ಆಮೇಲೆ ಪರದೆಯ ಹತ್ತಿರ ಬಾಗಿ ಒಂದೊಂದೇ ಹೆಸರು ಓದಿದರು. “ಹಂಗಾದ್ರೆ ಹಸುಗಳು ಬಂದ್ವಾ?”

“ಫೋಟೋ ಮಾತ್ರ ಅಮ್ಮ. ಹಸುಗಳು ಬರಲ್ಲ.”

ಕೈಲಾದದ್ದನ್ನು ಮಾಡೋಣವೆಂದು ಅದೇ ಮಾದರಿಯ ಸೆಕೆಂಡ್ ಹ್ಯಾಂಡ್ ಯಂತ್ರವೊಂದನ್ನು ಹುಡುಕಿ ಮಾಡ್ ಚಿಪ್ ಹಾಕಿದೆ. ತನ್ನ ಈಮೇಲಿನಲ್ಲಿ ಉಳಿದಿದ್ದ ಎಡಗೈ ಗುಂಡಿಗಳ ಫೈಲುಗಳನ್ನೂ ಕನ್ನಡ ಅಕ್ಷರಗಳನ್ನೂ ಚೇತನ್ ಪುಣೆಯಿಂದ ಕಳಿಸಿದ. ಆ ಭಾನುವಾರ ಹಲಸೂರಿನಲ್ಲಿ ಮೆಟ್ರೋ ಹತ್ತಿ ಮಹದೇವಪುರಕ್ಕೆ ಹೋದೆ. ಚೀಲದಲ್ಲಿ ಹೊಸ ಯಂತ್ರ, ಪ್ರಿಂಟ್ ಹಾಕಿಸಿದ ಕೆಲವು ಫೋಟೋ, ಜೊತೆಗೆ ಒರೆಸಿ ಸ್ಕ್ರೂ ಬಿಗಿದ ಸತ್ತ ಯಂತ್ರ.

ಅವರ ಮನೆಯ ಗೋಡೆಯ ಮೇಲೆ ಮೊಣಕಾಲೆತ್ತರಕ್ಕೆ ಪ್ರವಾಹದ ಗೆರೆ ಇನ್ನೂ ಇತ್ತು. ಮುನಿವೆಂಕಟಪ್ಪನವರು ಬಾಗಿಲ ಬಳಿ ಕುರ್ಚಿಯಲ್ಲಿ ಕೂತಿದ್ದರು. ಎತ್ತರದ ಆಳು, ಬಲಗೈ ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು. ಹೊಸ ಯಂತ್ರವನ್ನು ಕೈಗಿಟ್ಟ ತಕ್ಷಣ ಅವರ ಮುಖವೇ ಬದಲಾಯಿತು. ಹೆಬ್ಬೆರಳು ಸರಾಗವಾಗಿ ಓಡಿತು. ಆಟ ತೆರೆಯಿತು: ಕಳೆ, ಕಲ್ಲು, ಖಾಲಿ ನೆಲ. ಆಟದೊಳಗಿನ ಮನುಷ್ಯನನ್ನು ಅವರು ನೇರವಾಗಿ ಕೊಟ್ಟಿಗೆಯಿದ್ದ ಜಾಗಕ್ಕೆ ನಡೆಸಿದರು. ನಿಂತರು. ಕೊಳದ ತನಕ ಹೋಗಿ, ತಿರುಗಿ ಮತ್ತೆ ಅದೇ ಜಾಗಕ್ಕೆ ಬಂದರು. ಹಾಗೆ ಹಲವು ಸಲ. ನಂತರ ತಲೆ ಎತ್ತಿ ನನ್ನನ್ನು ನೋಡಿದರು.

“ಅಪ್ಪಾಜಿ, ಹಳೇದು ತೆಗೆಯೋಕೆ ನನ್ನ ಕೈಲಿ ಆಗ್ಲಿಲ್ಲ,” ಎಂದೆ. “ಮೊದಲಿಂದ ಶುರು ಮಾಡ್ಬೇಕು.”

ಫೋಟೋಗಳನ್ನು ಕೊಟ್ಟೆ. ಮೇಲಿನದನ್ನು ಎತ್ತಿಕೊಂಡು, ಹಸುವಿನ ಮೇಲೆ ಹೆಬ್ಬೆರಳಿಟ್ಟು, ಗುಂಡಿ ಒತ್ತುವ ಹಾಗೆ ಒತ್ತಿದರು. ಇನ್ನೊಮ್ಮೆ ಒತ್ತಿದರು. ಆಮೇಲೆ ಅದನ್ನು ಕವುಚಿ ಹಾಕಿ, ಯಂತ್ರವನ್ನೂ ಅದರ ಮೇಲಿಟ್ಟು, ಎಡಗೈಯಿಂದ ಎಲ್ಲವನ್ನೂ ನನ್ನ ಕಡೆಗೇ ತಳ್ಳಿದರು. ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಸುಲಭವಾಗುತ್ತಿತ್ತು.

ನಾನು ಚೀಲ ಎತ್ತಿಕೊಂಡು ಎದ್ದೆ. “ಬರ್ತೀನಮ್ಮ,” ಎಂದಾಗ ರಾಜಮ್ಮ ನನ್ನ ಕೈ ಹಿಡಿದು ಕೂರಿಸಿದರು.

“ಕೂತ್ಕೊ ಸ್ವಲ್ಪ. ಡಾಕ್ಟ್ರುಗಳೂ ಹಿಂಗೇ. ಆಗಲ್ಲ ಅಂತ ಹೇಳಿದ ತಕ್ಷಣ ಎದ್ದು ಹೋಗ್ತಾರೆ.”

ಕೂತೆ. ಕಾಫಿ ಬಂತು. ನಾವು ಮೂವರೂ ಬಾಗಿಲ ಕಡೆ ಮುಖ ಮಾಡಿ ಕೂತಿದ್ದೆವು. ಸಂಜೆಯಾಗುತ್ತಿತ್ತು, ಮೇಲಿನ ಮನೆಯವರು ಒಬ್ಬೊಬ್ಬರೇ ಹಿಂತಿರುಗುತ್ತಿದ್ದರು. ಚರ್ಚಿಗೆ ಹೋಗಿದ್ದ ಹೆಂಗಸೊಬ್ಬರು “ಗುಡ್ ಈವ್ನಿಂಗ್ ಅಂಕಲ್” ಎಂದು ಕೈಬೀಸಿ ಮೆಟ್ಟಿಲು ಹತ್ತಿದರು. ಮುನಿವೆಂಕಟಪ್ಪನವರ ತುಟಿಗಳು ಕೂಡಿದವು, ಕತ್ತಿನ ನರ ಉಬ್ಬಿತು, ‘ಮ್’ ಎಂಬ ಸದ್ದು ಹೊರಟಿತು. ಅಷ್ಟರಲ್ಲಿ ಆಕೆಯ ಮನೆಯ ಬಾಗಿಲು ಮೇಲೆ ಮುಚ್ಚಿಕೊಂಡಿತ್ತು. ಹೆಲ್ಮೆಟ್ ಹಿಡಿದ ಹುಡುಗನೊಬ್ಬ “ನಮಸ್ಕಾರ ಅಂಕಲ್” ಎಂದ. ಮತ್ತೆ ತುಟಿ, ಮತ್ತೆ ನರ. ಹುಡುಗ ಆಗಲೇ ಮೇಲಿದ್ದ. ಅವನು ರಫೀಕ್ ಎಂದು ರಾಜಮ್ಮ ಮೆಲ್ಲಗೆ ನನಗೆ ಹೇಳಿದರು; ಫೋಟೋದಲ್ಲಿ ಓದಿದ್ದ ಹೆಸರೇ. ಕೂಗಿ ನಿಲ್ಲಿಸಬಹುದಿತ್ತು. ಆದರೆ ಕೂಗಬೇಕಾದವರು ಮುನಿವೆಂಕಟಪ್ಪನವರು.

ಹೊಸ ಯಂತ್ರವನ್ನು ಅಲ್ಲೇ ಬಿಟ್ಟು ಬಂದೆ. ರಜೆಗೆ ಬಂದ ಚೇತನ್ ಜೊತೆಗೆ ಕೂತು ಒಂದೆರಡು ದಿನ ಆಡಿಸಿದನಂತೆ. ಅವನು ಹೋದ ಮೇಲೆ ಅವರು ಅದನ್ನು ಮುಟ್ಟಿಲ್ಲ. ಥೆರಪಿಸ್ಟ್ ಈಗ ಚಿತ್ರದ ಕಾರ್ಡುಗಳಿಂದ ಅಭ್ಯಾಸ ಮಾಡಿಸುತ್ತಿದ್ದಾರೆ. ಹೆಚ್ಚಿನ ಬದಲಾವಣೆ ಇಲ್ಲ ಎಂದು ರಾಜಮ್ಮ ಹೋದ ತಿಂಗಳು ಹೇಳಿದರು.

ರಿಪೇರಿಯ ಕೆಲಸದಲ್ಲಿ ವಸ್ತು ಸರಿಹೋದರೆ ನಮ್ಮ ಪಾಲು ಮುಗಿಯಿತು. ಆಗದಿದ್ದರೂ ಮುಗಿಯಿತು ಎಂದೇ ನಾನು ತಿಳಿದಿದ್ದೆ. ಈಗ, ಆಗುವುದಿಲ್ಲ ಎಂದು ಹೇಳಬೇಕಾದಾಗ ಫೋನಿನಲ್ಲಿ ಹೇಳುವುದಿಲ್ಲ. ಬಂದವರಿಗೆ ಕುರ್ಚಿ ಹಾಕುತ್ತೇನೆ, ಟೇಬಲ್ಲಿನ ದೀಪ ಆರಿಸುತ್ತೇನೆ, ಹೇಳುತ್ತೇನೆ. ಹೇಳಿದ ಮೇಲೆ ಮುಂದಿನ ಬೋರ್ಡನ್ನು ಎತ್ತಿಕೊಳ್ಳುವುದಿಲ್ಲ. ಅವರು ಏಳುವವರೆಗೆ ನಾನೂ ಕೂತಿರುತ್ತೇನೆ.