ಗ್ಲೆನ್ನಾ ಮೇಡಂ ಮತ್ತು ವರ್ನೀಟಾಳ ಹೆಸರು

ಗ್ಲೆನ್ನಾ ಯೂರಿಕ್ ನಮ್ಮ ಕಾಲೇಜಿನಲ್ಲಿ ಪತ್ರಿಕೋದ್ಯಮ ಕಲಿಸುತ್ತಾಳೆ. ನಾನು ಅದೇ ವಿಭಾಗದ ಆಫೀಸಿನಲ್ಲಿ ಕೂತು ಟಪಾಲು, ಬೀಗದ ಕೈ, ಪ್ರೊಫೆಸರುಗಳ ಸಿಡುಕು ಎಲ್ಲವನ್ನೂ ನೋಡಿಕೊಳ್ಳುವವಳು. ಪೆನ್ಸಿಲ್ವೇನಿಯಾದ ಈ ಗುಡ್ಡದೂರಿನಲ್ಲೇ ಇಬ್ಬರೂ ಹುಟ್ಟಿ ಬೆಳೆದವರು. ಅವಳ ಅಪ್ಪ ಕಲ್ಲಿದ್ದಲ ಗಣಿಯಲ್ಲಿದ್ದ. ಗಣಿಯ ಗಾಳಿ ಕೆಟ್ಟಿದೆ ಎಂದು ಕರಪತ್ರ ಬರೆದು, ಕೆಳಗೆ ಸ್ವಂತ ಹೆಸರು ಹಾಕಿ ಕೆಲಸ ಕಳೆದುಕೊಂಡವನು. ಆ ಕರಪತ್ರಕ್ಕೆ ಗ್ಲೆನ್ನಾ ಕಟ್ಟು ಹಾಕಿಸಿ ತನ್ನ ಕೋಣೆಯ ಗೋಡೆಗೆ ತೂಗುಹಾಕಿದ್ದಾಳೆ. ಯೂನಿಯನ್ನಿನವರು ತಿಂಗಳೊಪ್ಪತ್ತಿನಲ್ಲಿ ಅವನಿಗೆ ಬೇರೆ ಗಣಿಯಲ್ಲಿ ಕೆಲಸ ಕೊಡಿಸಿದರು ಎಂಬುದನ್ನು ಮಾತ್ರ ಅವಳು ಯಾರಿಗೂ ಹೇಳುವುದಿಲ್ಲ.

ಪತ್ರಿಕೆ ನಡೆಸುವ ವಿದ್ಯಾರ್ಥಿಗಳ ಗೌರವ ಸಂಘ ಅವಳ ಜೀವ. ಅಂಕ ಚೆನ್ನಾಗಿರಬೇಕು, ಕಾಲೇಜಿನ ಪತ್ರಿಕೆಯಲ್ಲಿ ಒಂದು ವರ್ಷ ಬೆವರು ಸುರಿಸಿರಬೇಕು, ಆಗ ಸದಸ್ಯತ್ವ. ಶನಿವಾರಗಳಲ್ಲಿ ಹುಡುಗರನ್ನು ಕೂರಿಸಿಕೊಂಡು ಸುತ್ತಲಿನ ಹೈಸ್ಕೂಲುಗಳ ಪತ್ರಿಕೆಗಳನ್ನು ತಿದ್ದಿಸುತ್ತಾಳೆ. ವಸಂತದಲ್ಲಿ ಮೇಣದಬತ್ತಿ ಹಚ್ಚಿ ಪ್ರತಿಜ್ಞೆ, ಕೊರಳಿಗೆ ಸದಸ್ಯತ್ವದ ಗುರುತಾದ ಬಣ್ಣದ ಹುರಿ, ಆಮೇಲೆ ಎಲೆಕೋಸು ಹುರಿದು ಬೆರೆಸಿದ ನೂಡಲ್ಸ್. ಎಲ್ಲಕ್ಕಿಂತ ಮೇಲಾಗಿ ಸಂಘದ ದೇಶಮಟ್ಟದ ಸ್ಪರ್ಧೆ. ಅದರ ತೀರ್ಪುಗಾರರಿಗೆ ಹೆಸರು ಹೇಳದ ಸಾಕ್ಷಿ ಎಂದರೆ ಅಷ್ಟಕ್ಕಷ್ಟೇ.

ಎರಡು ವರ್ಷದ ಹಿಂದೆ ಟೆಸ್ ಹಾಲೊರನ್ ಎಂಬ ಹುಡುಗಿ ಒಂದು ಸುದ್ದಿ ಹಿಡಿದು ಬಂದಳು. ಕಾಲೇಜಿನ ಊಟದ ಹಾಲ್‌ನಲ್ಲಿ ತಟ್ಟೆ ತೊಳೆಯುವ ಕಡೆ ಮೋರಿಯ ನೀರು ಮೇಲಕ್ಕೆ ಉಕ್ಕುತ್ತದೆ, ಒರೆಸಿಕೊಂಡು ಕೆಲಸ ಮಾಡಿ ಎನ್ನುತ್ತಾರೆ ಎಂದು ಅಲ್ಲಿನ ಹೆಂಗಸು ವರ್ನೀಟಾ ಪ್ಲಮ್ ಹೇಳಿದ್ದಳು. ಹೆಸರು ಮಾತ್ರ ಬೇಡ ಎಂದಿದ್ದಳು.

"ಹೆಸರಿಲ್ದೆ ಹೋದ್ರೆ ಅದು ಗಾಳಿಮಾತು," ಎಂದಳು ಗ್ಲೆನ್ನಾ. "ಹೋಗಿ ಇನ್ನೊಂದ್ಸಲ ಕೇಳು. ಹೆಸರು ಕೊಡೋದು ಧೈರ್ಯದ ಕೆಲ್ಸ ಅಂತ ಹೇಳು."

ಟೆಸ್ ಹೋಗಿ ಕೇಳಿದಳು. ಹೆಸರು ಸಿಕ್ಕಿತು. ಸುದ್ದಿ ಬಂತು, ಕೊಳವೆ ಬದಲಾಯಿತು, ಸ್ಪರ್ಧೆಯಲ್ಲಿ ಮೊದಲ ಬಹುಮಾನವೂ ಬಂತು. ಊಟದ ಗುತ್ತಿಗೆ ಹಿಡಿದ ಕಂಪನಿ ಮಾತ್ರ ಬೇಸಿಗೆ ರಜೆಯ ನಂತರ ವರ್ನೀಟಾಳನ್ನು ಮತ್ತೆ ಕೆಲಸಕ್ಕೆ ಕರೆಯಲಿಲ್ಲ. ಅಷ್ಟರಲ್ಲಿ ಟೆಸ್ ಡಿಗ್ರಿ ಮುಗಿಸಿ ಡೆನ್ವರಿಗೆ ಹೋಗಿದ್ದಳು. ಬಹುಮಾನದ ಫಲಕವನ್ನು ಗ್ಲೆನ್ನಾ ಕರಪತ್ರದ ಪಕ್ಕದಲ್ಲೇ ಹಾಕಿದಳು.

ಈ ವರ್ಷ ಫೆಬ್ರವರಿಯಲ್ಲಿ ವರ್ನೀಟಾ ಹಿಮದ ಬೂಟು ಝಾಡಿಸಿಕೊಂಡು ನಮ್ಮ ಆಫೀಸಿಗೆ ಬಂದಳು. ಅಂಗಡಿಯೊಂದರಲ್ಲಿ ಮಾಂಸ ಕತ್ತರಿಸಿ ಕೊಡುವ ಅರ್ಧ ದಿನದ ಕೆಲಸವಂತೆ. ಶಾಲೆಯ ಅಡುಗೆಮನೆಗೆ ಅರ್ಜಿ ಹಾಕಿದ್ದಳು. ಅಲ್ಲಿಯಾದರೆ ಆಸ್ಪತ್ರೆಯ ವಿಮೆಯೂ ಸಿಗುತ್ತದೆ.

"ಎರಡ್ ಕಡೆ ಆಗ್ಲೇ ಬೇಡ ಅಂದ್ರು ಮೇಡಂ. ಕಂಪ್ಯೂಟರ್‌ನಲ್ಲಿ ನನ್ ಹೆಸರು ಹೊಡೆದ್ರೆ ಮೊದ್ಲು ಬರೋದೇ ನಿಮ್ ಪೇಪರ್. ಮೋರಿ ಜೊತೆಗೆ ನಾನು. ಗಲಾಟೆ ಹೆಂಗ್ಸು ಅಂದ್ಕೋತಾರೆ. ಸುದ್ದಿ ಇರ್ಲಿ, ಹೆಸರೊಂದು ತೆಗೆಸಿ ಕೊಡ್ತೀರಾ?"

ಗ್ಲೆನ್ನಾ ಕುರ್ಚಿ ಎಳೆದು ಕೊಟ್ಟಳು.

"ಆ ಹುಡುಗಿಗೆ ಎಷ್ಟೋ ಸಲ ಬೇಡ ಅಂದಿದ್ದೆ," ಎಂದಳು ವರ್ನೀಟಾ. "ಆಮೇಲೆ ಧೈರ್ಯ ಗೀರ್ಯ ಅಂದ್ಳು. ನಮ್ ಮನೇಲಿ ನನ್ನ ಯಾರೂ ಧೈರ್ಯವಂತೆ ಅಂದಿರ್ಲಿಲ್ಲ. ಉಬ್ಬಿಹೋದೆ."

ಅವಳು ಹೋದ ಮೇಲೆ ಗ್ಲೆನ್ನಾ ನನ್ನ ಮೇಜಿನ ಮುಂದೆ ಬಂದು ನಿಂತಳು. "ಆ ಮಾತು ನಂದು ಕಣೇ," ಎಂದಳು. "ಟೆಸ್ ಬಾಯಲ್ಲಿ ನಾನೇ ತುರುಕಿ ಕಳ್ಸಿದ್ದು."

"ಹಾಗಾದ್ರೆ ತೆಗೆ. ಪೇಪರ್ ವೆಬ್‌ಸೈಟಿನ ಪಾಸ್‌ವರ್ಡ್ ನನ್ ಹತ್ರಾನೂ ಇದೆ. ಈಗ್ಲೇ ತೆಗೀತೀನಿ, ಯಾರಿಗೂ ಗೊತ್ತಾಗಲ್ಲ."

"ಬೇಡ. ಪತ್ರಿಕೆ ಮಕ್ಕಳದ್ದು. ಸಲಹೆ ಕೊಡೋಳು ನಾನು, ಕೈ ಹಾಕ್ಬಾರ್ದು."

ನನಗೆ ಮೈಯೆಲ್ಲ ಉರಿಯಿತು. ಬೆಂಕಿ ಬಿದ್ದ ಮನೆ ಮುಂದೆ ನಿಂತು ಬಾವಿ ಯಾರದ್ದು ಎಂದು ಕೇಳುವ ಜನ ಇವರು. ಆದರೆ ಅವಳ ಮುಖ ನೋಡಿ ಕಂಪ್ಯೂಟರಿನಿಂದ ಕೈ ತೆಗೆದೆ. ಆಮೇಲಿನ ದಿನಗಳಲ್ಲಿ ಅವಳು ಊಟದ ಹಾಲ್‌ನ ದಾರಿಯನ್ನೇ ಬಿಟ್ಟಳು. ಮನೆಯಿಂದ ಬುತ್ತಿ ತಂದು ಬಾಗಿಲು ಹಾಕಿಕೊಂಡು ತಿನ್ನುತ್ತಿದ್ದಳು. ಫಲಕವನ್ನು ಗೋಡೆಯಿಂದ ಇಳಿಸಿದಳು. ಅಪ್ಪನ ಕರಪತ್ರವನ್ನೂ ಇಳಿಸಿದಳು.

ಸಂಪಾದಕ ಮಂಡಳಿಯ ಮುಂದೆ ವಿಷಯ ಇಟ್ಟ ದಿನ ನಾನು ಕಾಫಿ ಇಡುವ ನೆಪದಲ್ಲಿ ಅಲ್ಲೇ ಇದ್ದೆ. ತಪ್ಪು ತನ್ನದು ಎಂದು ಗ್ಲೆನ್ನಾ ನೇರವಾಗಿ ಹೇಳಿದಳು. ಅಂಗಲಾಚಲಿಲ್ಲ. ಸಂಪಾದಕಿ ಮಾರಿಸೋಲ್ ಒಕಾಂಪೊ, ಮುಂದಿನ ಭಾನುವಾರ ಸಂಘಕ್ಕೆ ಸೇರಬೇಕಾದ ಹುಡುಗಿ, ಕಣ್ಣು ಒರೆಸಿಕೊಂಡೇ ಮಾತಾಡಿದಳು.

"ಪಾಪ ಅನ್ಸತ್ತೆ ಮೇಡಂ. ಆದ್ರೆ ಸುದ್ದಿ ನಿಜ. ಇವತ್ತು ಇವ್ರ ಹೆಸರು ತೆಗೆದ್ರೆ, ನಾಳೆ ಕುಡಿದು ಕಾರ್ ಗುದ್ದಿದ ಕೋಚ್ ಬರ್ತಾನೆ. ಅವನಿಗೆ ಏನ್ ಹೇಳೋಣ? ಅಚ್ಚಾದ ನಿಜಾನ ಅಳಿಸ್ಬಾರ್ದು ಅಂತ ನೀವೇ ಮೊದಲ್ನೇ ಕ್ಲಾಸಲ್ಲಿ ಹೇಳಿದ್ರಿ."

"ಹೌದು, ಹೇಳಿದ್ದೆ," ಎಂದಳು ಗ್ಲೆನ್ನಾ.

ಕೈ ಎತ್ತಿಸಿದರು. ವರ್ನೀಟಾಳ ಪರ ಒಬ್ಬನೇ, ಕ್ರೀಡಾಪುಟದ ಹುಡುಗ. ಅವನ ಅಮ್ಮ ಆಸ್ಪತ್ರೆಯಲ್ಲಿ ಕಸ ಗುಡಿಸುತ್ತಾಳೆ.

ಭಾನುವಾರ ಮೇಣದಬತ್ತಿ ಹಚ್ಚಿದರು. ಮಾರಿಸೋಲ್ ಪ್ರತಿಜ್ಞೆ ಓದಿದಳು, ಗ್ಲೆನ್ನಾ ಅವಳ ಕೊರಳಿಗೆ ಹುರಿ ಹಾಕಿದಳು. ಧೈರ್ಯದ ಬಗ್ಗೆ ಪ್ರತಿವರ್ಷ ಮಾಡುವ ಭಾಷಣವನ್ನು ಮಾಡದೆ, ಊಟಕ್ಕೆ ಏಳಿ ಎಂದುಬಿಟ್ಟಳು. ಹುಡುಗರಿಗೆ ಹಸಿವಾಗಿತ್ತು, ಯಾರೂ ಏನೂ ಕೇಳಲಿಲ್ಲ.

ಮರುದಿನ ನಾನೂ ಗ್ಲೆನ್ನಾಳೂ ನನ್ನ ಕಾರಿನಲ್ಲೇ ವರ್ನೀಟಾ ಕೆಲಸ ಮಾಡುವ ಅಂಗಡಿಗೆ ಹೋದೆವು. ದಾರಿಯುದ್ದಕ್ಕೂ ಅವಳು ಹೇಳಬೇಕಾದ್ದನ್ನು ಬಾಯಲ್ಲೇ ಜಪಿಸುತ್ತಿದ್ದಳು. ಹ್ಯಾಮ್ ಎನ್ನುವ ಹಂದಿಮಾಂಸದ ಗಟ್ಟಿಗಳನ್ನು ಜೋಡಿಸಿಟ್ಟ ಗಾಜಿನ ಪೆಟ್ಟಿಗೆಯ ಆಚೆ ವರ್ನೀಟಾ ಬಿಳಿ ಟೋಪಿ ಹಾಕಿ ನಿಂತಿದ್ದಳು. ಜಪಿಸಿದ್ದೆಲ್ಲ ಮರೆತು ಗ್ಲೆನ್ನಾ, "ಮಕ್ಕಳು ಒಪ್ಲಿಲ್ಲ," ಎಂದಳು. "ನನ್ನಿಂದ ನಿಮ್ಗೆ ಅನ್ಯಾಯ ಆಯ್ತು. ಕ್ಷಮಿಸಿ ಅನ್ನೋದಕ್ಕೂ ಮುಖ ಇಲ್ಲ."

"ನೀವು ಹೇಳಿದ್ರೂ ಒಪ್ಲಿಲ್ವಾ?"

"ಒಪ್ಲಿಲ್ಲ."

ವರ್ನೀಟಾ ಕೈಗವಸು ಸರಿಮಾಡಿಕೊಂಡಳು. ಅವಳ ದನಿಯಲ್ಲಿ ಕೊಂಕು ಇದ್ದಿದ್ದರೆ ನಮಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಇರಲಿಲ್ಲ.

"ಹಾಗಾದ್ರೆ ಚೆನ್ನಾಗೇ ಕಲ್ಸಿದೀರ ಬಿಡಿ, ಮೇಡಂ," ಎಂದಳು. "ಹ್ಯಾಮ್ ತೆಳ್ಳಗೆ ಕೊಡ್ಲಾ, ದಪ್ಪಗಾ?"

ಹಿಂದೆ ಸಾಲು ಬೆಳೆಯುತ್ತಿತ್ತು. ತೆಳ್ಳಗೆ ಎಂದು ನಾನೇ ಹೇಳಿದೆ.