ಕಡ್ಡಿ ಅಣ್ಣ ಹತ್ತಿದ ನನ್ನ ಸೈಕಲ್

ಕಡ್ಡಿ ಅಣ್ಣನನ್ನು ನಾನು ಮೊದಲು ನೋಡಿದ್ದು ಒಂದು ಸೋಮವಾರ ಬೆಳಿಗ್ಗೆ, ಅವರ ಸೈಕಲ್ ಅಂಗಡಿಯ ಅರ್ಧ ಎತ್ತಿದ ಷಟರಿನ ಕೆಳಗೆ. ತಲೆಕೆಳಗಾಗಿ ನಿಲ್ಲಿಸಿದ ಸೈಕಲ್ಲಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಕಣ್ಣು ಮುಚ್ಚಿ, ಚಕ್ರದ ಕಡ್ಡಿಗಳನ್ನು ಒಂದೊಂದಾಗಿ ಬೆರಳಿನಿಂದ ಮೀಟುತ್ತಿದ್ದರು. ಸಡಿಲವಾದ ಕಡ್ಡಿಯ ದನಿಯೇ ಬೇರೆಯಂತೆ. ನಾನು ಮೂರು ಸಲ ಕೆಮ್ಮಿದ ಮೇಲೆ ಕಣ್ಣು ತೆರೆದು, ನನ್ನ ಹಳೇ ಮೌಂಟನ್ ಬೈಕನ್ನು ಮೇಲಿಂದ ಕೆಳಗೆ ನೋಡಿದರು.

"ಇದನ್ನ ಎಲ್ಲಿಂದ ಅಗೆದು ತಂದ್ರಿ ಸಾರ್?"

ಬೆಂಚಿನ ಮೇಲೆ ಟ್ಯೂಬಿಗೆ ತೇಪೆ ಹಚ್ಚುತ್ತಿದ್ದ ಅವರ ಹೆಂಡತಿ ತಲೆ ಎತ್ತದೆ ಹೇಳಿದರು: "ನಿಮ್ಮನ್ನ ಕಟ್ಕೊಂಡಾಗ ನೀವೂ ಹೀಗೇ ಇದ್ರಿ. ಸುಮ್ನೆ ರಿಪೇರಿ ಮಾಡಿ."

ನಮ್ಮ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದವನು ನಾನೊಬ್ಬನೇ. ಮಣ್ಣು ಪರೀಕ್ಷೆಯ ಪ್ರಯೋಗಾಲಯದಲ್ಲಿ ಆಗಷ್ಟೇ ಕೆಲಸ ಸಿಕ್ಕಿತ್ತು. ಅಲ್ಲಿಗೆ ಹೋಗುವ ದಾರಿ ಅರ್ಧ ಡಾಂಬರು, ಅರ್ಧ ಜಲ್ಲಿ. ಎರಡಕ್ಕೂ ಒಗ್ಗುವ ಗ್ರಾವೆಲ್ ಬೈಕ್ ಬೇಕಿತ್ತು. ಅಂದರೆ ರೇಸ್ ಸೈಕಲ್ಲಿನಂತೆ ಬಾಗಿದ ಹ್ಯಾಂಡಲ್, ಜಲ್ಲಿಗೆ ಹೆದರದ ಅಗಲ ಟೈರು. ಹಳೆಯದನ್ನೇ ಹಾಗೆ ಮಾಡಿಕೊಡಿ ಎಂದೆ.

ಕಡ್ಡಿ ಅಣ್ಣ ಎರಡು ವಾರ ಅದರ ಬೆನ್ನು ಬಿಡಲಿಲ್ಲ. ಮುಂದಿನ ಚಕ್ರ ಹಿಡಿದ ಸ್ಪ್ರಿಂಗ್ ಫೋರ್ಕ್ ಬಿಚ್ಚಿ ಗಟ್ಟಿ ಫೋರ್ಕ್ ಕೂರಿಸಿದರು. ಬಾಗಿದ ಹ್ಯಾಂಡಲ್ ಬಂತು. ಅದಕ್ಕೆ ಬ್ರೇಕ್ ಹಿಡಿಗಳನ್ನು ಮಾತ್ರ ನಾನೇ ಆರಿಸಿ ತಂದೆ, ನೋಡಲು ಚೆಂದ ಇದ್ದವೆಂದು. ಅವರು ಒಂದನ್ನು ಒತ್ತಿ ನೋಡಿ ಮುಖ ಗಂಟಿಕ್ಕಿದರು.

"ಇದು ಎಳೆಯೋ ತಂತಿ ಸಾಲಲ್ಲ ಸಾರ್. ನಿಮ್ಮ ಹಳೇ ಬ್ರೇಕಿಗೆ ಇದರ ಎರಡರಷ್ಟು ಎಳೆತ ಬೇಕು. ಬೇರೆ ಹಿಡಿ ತರಿಸ್ತೀನಿ, ಒಂದು ವಾರ ಕೊಡಿ."

ನನಗೆ ಒಂದು ವಾರ ಕಾಯುವ ತಾಳ್ಮೆ ಇರಲಿಲ್ಲ. "ಬ್ರೇಕ್ ರಬ್ಬರುಗಳನ್ನ ರಿಮ್ಮಿಗೆ ಹತ್ತಿರ ಕೂರಿಸಿದ್ರೆ ಆಯ್ತಣ್ಣ. ನಾನು ಓದಿದೀನಿ" ಎಂದೆ. ಓದಿದ್ದೆ ಎಂಬುದು ನಿಜ. ಆದರೆ ಅರ್ಧ ಪುಟ ಮಾತ್ರ.

ಅವರು ತಲೆ ಕೆರೆದುಕೊಂಡರು. "ಓದಿದವ್ರು ಹೇಳ್ತಿದೀರಿ. ಇರಬಹುದು ಬಿಡಿ."

ಮೂವತ್ತು ವರ್ಷದಿಂದ ಕೈಗೆ ಗೊತ್ತಿದ್ದುದನ್ನು ನನ್ನ ಮುಂದೆ ಹೀಗೆ ಬಿಟ್ಟುಕೊಟ್ಟು, ನಾನು ತಂದ ಹಿಡಿಗಳನ್ನೇ ಕೂರಿಸಿದರು. ಆಗ ನನಗೆ ಒಳಗೊಳಗೇ ಹೆಮ್ಮೆಯಾಗಿತ್ತು. ಈಗ ನೆನೆದರೆ ಮುಖ ಎಲ್ಲಿಡಲಿ ಅನಿಸುತ್ತದೆ.

ಯಾವ ಸೈಕಲ್ಲನ್ನೂ ತಾವು ಇಳಿಜಾರಿನಲ್ಲಿ ಓಡಿಸಿ ನೋಡದೆ ಅವರು ಗಿರಾಕಿಗೆ ಕೊಟ್ಟವರಲ್ಲ. ಅಂಗಡಿಯ ಪಕ್ಕದ ರಸ್ತೆ ಕಾರ್ಖಾನೆಯ ಗೋಡೆಯತ್ತ ನೇರ ಇಳಿಯುತ್ತದೆ. "ನಾನೇ ಹೋಗ್ಬರ್ತೀನಿ" ಎಂದೆ. "ಮೊದಲು ನನ್ನ ಮೂಳೆ ಒಪ್ಪಲಿ, ಆಮೇಲೆ ನಿಮ್ಮದು" ಎಂದು ನಕ್ಕು ಹತ್ತಿದರು. ಅರ್ಧ ದಾರಿಯಲ್ಲಿ ಹಿಡಿಗಳೆರಡನ್ನೂ ಹ್ಯಾಂಡಲ್ಲಿಗೆ ತಾಗುವವರೆಗೆ ಒತ್ತಿದ್ದು ನನಗೆ ಮೇಲಿನಿಂದಲೇ ಕಂಡಿತು. ಚಕ್ರ ನಿಲ್ಲಲಿಲ್ಲ. ಗೋಡೆಗೆ ಬಡಿಯುವಾಗ ಬಲಗೈ ಮುಂದೆ ಒಡ್ಡಿದರು.

ಆಸ್ಪತ್ರೆಯಲ್ಲಿ ಮಣಿಕಟ್ಟಿಗೆ ಪ್ಲೇಟ್ ಹಾಕಿದರು. "ಹತ್ತಿದ್ದು ನಾನು ತಾನೇ ಸಾರ್, ನಿಮ್ದೇನಿದೆ?" ಎಂದು ನನ್ನನ್ನೇ ಸಮಾಧಾನಪಡಿಸಿದರು. ಅವರ ಹೆಂಡತಿ ನನಗೆ ಕೂರಲು ಸ್ಟೂಲು ಸರಿಸಿದರು. ಬೈದಿದ್ದರೆ ಚೆನ್ನಾಗಿತ್ತು.

ಮೂಳೆ ಕೂಡಿತು, ಹಿಡಿತ ಬರಲಿಲ್ಲ. ಸ್ಪ್ಯಾನರ್ ತಿರುಗಿಸಿದರೆ ಕೈ ನಡುಗುತ್ತಿತ್ತು. ಆರು ತಿಂಗಳು ನೋಡಿ ಅಂಗಡಿಯನ್ನು ಬೇರೆಯವರಿಗೆ ಬಿಟ್ಟುಕೊಟ್ಟರು.

ಕಡ್ಡಿ ಅಣ್ಣ ಈಗ ಅದೇ ಆಸ್ಪತ್ರೆಯ ವಾಹನ ನಿಲುಗಡೆಯಲ್ಲಿ ಬೆಳಿಗ್ಗೆ ಆರರಿಂದ ಮಧ್ಯಾಹ್ನ ಎರಡರವರೆಗೆ ಟೋಕನ್ ಕೊಡುತ್ತಾರೆ.